ಸಡಿಲವಾದ ತಂತಿ, ಗಡುಸಾದ ನಾದ

ಮಗನ ಕೋಣೆಯಿಂದ ರಾಕ್ ಸಂಗೀತದ ಅಬ್ಬರ ಕೇಳಿಬಂದಾಗ, “ಇದೇನು ಹಾಡೋ, ತಗಡಿನ ಕಾರ್ಖಾನೆಯೋ?” ಎಂದು ನೀವು ಗೊಣಗಿರಬಹುದು. ಒಂದು ತಂಡದ ಮಟ್ಟಿಗೆ ಆ ಮಾತು ಅಷ್ಟೇನೂ ತಪ್ಪಲ್ಲ. ಬ್ಲ್ಯಾಕ್ ಸಬ್ಬತ್ ಎಂಬ ಆ ತಂಡ ಹುಟ್ಟಿದುದು ಕಾರ್ಖಾನೆಗಳ ಊರಾದ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ.

1965ರಲ್ಲಿ ಅಲ್ಲಿಯ ಒಂದು ತಗಡಿನ ಕಾರ್ಖಾನೆಯಲ್ಲಿ ಟೋನಿ ಐಯೋಮಿ ಎಂಬ 17 ವರ್ಷದ ಹುಡುಗ ದುಡಿಯುತ್ತಿದ್ದ. ಗಿಟಾರನ್ನೇ ನಂಬಿ ಬದುಕುವೆನೆಂದು ನಿಶ್ಚಯಿಸಿ ಕೆಲಸ ಬಿಟ್ಟಿದ್ದ. ಅದು ಕಡೆಯ ದಿನ. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವನು ಇನ್ನು ಹೋಗುವುದಿಲ್ಲವೆಂದ. ತಾಯಿ ಒಪ್ಪಲಿಲ್ಲ, ಹಿಡಿದ ಕೆಲಸ ಮುಗಿಸಿ ಬಾ ಎಂದು ಕಳುಹಿಸಿದರು. ಯಾವ ತಾಯಿ ತಾನೆ ಬೇರೆ ಮಾತು ಹೇಳಿಯಾಳು? ಆ ಮಧ್ಯಾಹ್ನವೇ ಯಂತ್ರಕ್ಕೆ ಸಿಕ್ಕಿ ಅವನ ಬಲಗೈಯ ಎರಡು ಬೆರಳುಗಳ ತುದಿ ಹೋಯಿತು. ಅವನು ಎಡಚ. ಮೀಟುವ ಕೈ ಉಳಿಯಿತು. ತಂತಿಯನ್ನೊತ್ತಿ ಸ್ವರ ಹಿಡಿಯಬೇಕಾದ ಕೈ ಊನವಾಯಿತು.

ವೈದ್ಯರು ನುಡಿಸುವ ಆಸೆ ಬಿಡು ಎಂದರು. ಕಾರ್ಖಾನೆಯ ಮೇಸ್ತ್ರಿ ಮಾತ್ರ ಜ್ಯಾಂಗೋ ರೈನ್‌ಹಾರ್ಟನ ಧ್ವನಿಮುದ್ರಿಕೆಯೊಂದನ್ನು ತಂದು ಕೇಳಿಸಿದ. 1928ರಲ್ಲಿ ಬೆಂಕಿಗೆ ಸಿಕ್ಕಿ ಎರಡು ಬೆರಳು ಸೊಟ್ಟಾಗಿದ್ದರೂ, ಉಳಿದೆರಡರಿಂದ ಯೂರೋಪು ತಲೆದೂಗುವಂತೆ ಗಿಟಾರು ನುಡಿಸಿದ ಮಹಾನುಭಾವ ಅವನು. ಹುಡುಗನಿಗೆ ಧೈರ್ಯ ಬಂತು. ಪ್ಲಾಸ್ಟಿಕ್ ಸೀಸೆಯೊಂದನ್ನು ಕರಗಿಸಿ, ದರ್ಜಿಗಳು ಬೆರಳಿಗೆ ತೊಡುವ ಟೋಪಿಯಂಥದನ್ನು ಮಾಡಿ, ಮೇಲೆ ಚರ್ಮದ ತುಂಡನ್ನು ಅಂಟಿಸಿಕೊಂಡ. ತೆಳ್ಳಗಿನ ತಂತಿ ಅಂಗಡಿಯಲ್ಲಿ ಸಿಗದೆ ಬ್ಯಾಂಜೋ ವಾದ್ಯದ ತಂತಿಯನ್ನು ಗಿಟಾರಿಗೆ ಕಟ್ಟಿದ.

ಈ ಕೈಯಿಂದಲೇ 1970ರಲ್ಲಿ ತಂಡದ ಮೊದಲೆರಡು ಆಲ್ಬಮ್ಮುಗಳು ಬಂದುವು. ನಾನು ಹೇಳಬೇಕೆಂದಿರುವುದು 1971ರಲ್ಲಿ ಬಂದ ಮೂರನೆಯದನ್ನು ಕುರಿತು. ಹೆಸರು ‘ಮಾಸ್ಟರ್ ಆಫ್ ರಿಯಾಲಿಟಿ’. ಇದರ ಕೆಲವು ಹಾಡುಗಳಿಗಾಗಿ ಐಯೋಮಿ ಗಿಟಾರಿನ ಬಿರಡೆಗಳನ್ನು ಸಡಿಲಿಸಿ ಶ್ರುತಿಯನ್ನೇ ಇಳಿಸಿದ. ಎಷ್ಟು? ಹಾರ್ಮೋನಿಯಮ್ಮಿನಲ್ಲಿ ಕರಿ ಬಿಳಿ ಎರಡನ್ನೂ ಎಣಿಸಿದರೆ ಮೂರು ಮನೆ ಕೆಳಕ್ಕೆ. ಬಿಗಿ ತಗ್ಗಿದುದರಿಂದ ಬೆರಳಿಗೆ ನೋವು ಕಡಿಮೆ; ವೀಣೆಯವರು ಬಲ್ಲಂತೆ, ತಂತಿಯನ್ನೆಳೆದು ಸ್ವರವನ್ನು ಬಾಗಿಸುವುದೂ ಹಗುರ. ಜೊತೆಗಾರ ಗೀಜರ್ ಬಟ್ಲರ್ ತನ್ನ ಬೇಸ್ ಗಿಟಾರನ್ನೂ ಅಷ್ಟೇ ಇಳಿಸಿದ.

ತಂತಿ ಸಡಿಲವಾದರೆ ನಾದ ಮೆತ್ತಗಾದೀತೆಂದು ನಮ್ಮ ಎಣಿಕೆಯಲ್ಲವೆ? ಆದುದು ಬೇರೆ. ಮಂದ್ರಕ್ಕಿಳಿದ ಎರಡು ವಾದ್ಯಗಳು ವಿದ್ಯುತ್ತಿನ ಬಲದಿಂದ ಹಿಗ್ಗಿ ಕೂಡಿ ಬಂದಾಗ, ಬಂಡೆ ಉರುಳಿದಂಥ ಭಾರ! ‘ಚಿಲ್ಡ್ರನ್ ಆಫ್ ದ ಗ್ರೇವ್’, ‘ಇಂಟು ದ ವಾಯ್ಡ್’ ಎಂಬ ಹಾಡುಗಳಲ್ಲಿ ಅದನ್ನು ಕೇಳಬಹುದು. ಆಗಿನ ವಿಮರ್ಶಕರಲ್ಲಿ ಅನೇಕರಿಗೆ ಇದು ರುಚಿಸಲಿಲ್ಲ. ಕೊಳ್ಳುವವರೋ ಅದನ್ನು ಬ್ರಿಟನ್ನಿನ ಪಟ್ಟಿಯಲ್ಲಿ 5ನೆಯ, ಅಮೆರಿಕದಲ್ಲಿ 8ನೆಯ ಸ್ಥಾನಕ್ಕೆ ಏರಿಸಿದರು. ಮುಂದೆ ಬಂದ ಎಷ್ಟೋ ತಂಡಗಳು ಹೀಗೆಯೇ ಶ್ರುತಿ ಇಳಿಸಿದುವು — ಬೆರಳುಗಳೆಲ್ಲ ನೆಟ್ಟಗಿದ್ದವರು ಕೂಡ! ನೆನೆದರೆ ನನಗೆ ನಗು ಬರುತ್ತದೆ.

ತಂಡದ ಕೊನೆಯ ಕಚೇರಿ 2025ರ ಜುಲೈ 5ರಂದು ಬರ್ಮಿಂಗ್‌ಹ್ಯಾಮಿನಲ್ಲಿಯೇ ನಡೆಯಿತು. ಹಾಡುಗಾರ ಆಜಿ ಆಸ್ಬರ್ನ್ ಅದೇ ತಿಂಗಳ 22ರಂದು ತೀರಿಕೊಂಡ.

ಇಷ್ಟು ಕೇಳಿದ ಮೇಲೂ ನಿಮಗೆ ಅಬ್ಬರ ಒಗ್ಗದಿದ್ದರೆ ಬಲವಂತವಿಲ್ಲ. ಇದೇ ಆಲ್ಬಮ್ಮಿನಲ್ಲಿ ‘ಸಾಲಿಟ್ಯೂಡ್’ ಎಂಬ ಮೆಲುದನಿಯ ಹಾಡೊಂದಿದೆ. ಅದನ್ನು ಮಗನಿಂದ ಹಾಕಿಸಿ ಕೇಳಿ. ಅದರಲ್ಲಿ ಕೊಳಲನ್ನು ನುಡಿಸಿದವನೂ ಐಯೋಮಿಯೇ.