ಕೊಟ್ಟಿಗೆಯ ಮೋಟಾರ್ ಷಟರ್ ಜಗ್ಗಾಡಿದರೆ ಏನು ಮಾಡಬೇಕು?

ಟ್ರಾಕ್ಟರ್ ನಿಲ್ಲಿಸುವ ಕೊಟ್ಟಿಗೆಗೆ, ಕಾಳು ಮತ್ತು ಗೊಬ್ಬರದ ಚೀಲ ಇಡುವ ಗೋದಾಮಿಗೆ ಈಗ ಅನೇಕರು ಸುತ್ತಿಕೊಂಡು ಮೇಲೇರುವ ಕಬ್ಬಿಣದ ಷಟರ್ ಹಾಕಿಸಿದ್ದಾರೆ. ಅಗಲವಾದ ಷಟರನ್ನು ಕೈಯಿಂದ ಎತ್ತುವುದು ಕಷ್ಟವೆಂದು ಕೆಲವರು ಮೋಟಾರನ್ನೂ ಕೂಡಿಸಿದ್ದಾರೆ. ಗುಂಡಿ ಒತ್ತಿದರೆ ಬಾಗಿಲು ತಾನಾಗಿ ಏರುತ್ತದೆ, ಇಳಿಯುತ್ತದೆ. ಆದರೆ ಒಂದೆರಡು ವರ್ಷ ಕಳೆಯುವಷ್ಟರಲ್ಲಿ ಅದು ಗಡಗಡ ಅನ್ನುವುದಕ್ಕೆ ಶುರುಮಾಡುತ್ತದೆ. ಅರ್ಧಕ್ಕೆ ಏರಿ ನಿಲ್ಲುತ್ತದೆ. ಕಣದಿಂದ ರಾಗಿ ತುಂಬಿಕೊಂಡು ಬಂದಿದ್ದೀರಿ, ಆಕಾಶದಲ್ಲಿ ಮೋಡ ಕವಿದಿದೆ, ಬಾಗಿಲು ಮಾತ್ರ ಮೇಲೇಳುವುದಿಲ್ಲ. ಆಗ ಏನು ಮಾಡುವುದು?

"ಮೋಟಾರ್ ಕೆಟ್ಟಿತು" ಎಂದು ಒಮ್ಮೆಗೇ ತೀರ್ಮಾನಿಸಬೇಡಿ. ಎಷ್ಟೋ ಸಲ ಮೋಟಾರ್ ನೆಟ್ಟಗಿರುತ್ತದೆ, ಬಾಗಿಲೇ ಬಿಗಿದಿರುತ್ತದೆ. ಗಾಡಿಯ ಚಕ್ರ ಕೆಸರಿನಲ್ಲಿ ಹೂತಿದ್ದರೆ ಎತ್ತನ್ನು ಹೊಡೆದು ಏನು ಫಲ ಹೇಳಿ?

ಮೊದಲು ಮೇನ್ ಸ್ವಿಚ್ ತೆಗೆಯಿರಿ. ಮಕ್ಕಳನ್ನು, ದನಕರುಗಳನ್ನು ದೂರ ಕಳಿಸಿ. ಆಮೇಲೆ ಪಕ್ಕದಲ್ಲಿ ಇಳಿಬಿಟ್ಟಿರುವ ಕೈಸರಪಳಿ ಹಿಡಿದು ಷಟರನ್ನು ನಿಧಾನವಾಗಿ ಏರಿಸಿ, ಇಳಿಸಿ. ಕೈಯಿಂದ ಎಳೆದಾಗಲೂ ಅದೇ ಜಾಗದಲ್ಲಿ ಅಡ್ಡಿ ಸಿಕ್ಕಿದರೆ ದೋಷ ಬಾಗಿಲಿನದು. ಕೈಗೆ ಸಲೀಸಾಗಿ ಬಂದು, ಕರೆಂಟಿನಲ್ಲಿ ಮಾತ್ರ ಜಗ್ಗಾಡಿದರೆ ಮೋಟಾರಿನ ಕಡೆ ನೋಡಬೇಕು. ಒಂದು ಎಚ್ಚರಿಕೆ: ಕೆಲವು ಮೋಟಾರುಗಳಲ್ಲಿ ಬ್ರೇಕು ಸಡಿಲಿಸುವ ಇನ್ನೊಂದು ಸಣ್ಣ ಹಗ್ಗ ಅಥವಾ ಸರಪಳಿ ಇರುತ್ತದೆ. ಅದನ್ನು ಎಳೆದರೆ ಷಟರ್ ತನ್ನ ಭಾರಕ್ಕೆ ದಡಾರನೆ ಇಳಿದುಬಿಡುತ್ತದೆ. ಯಾವುದು ಯಾವುದಕ್ಕೆಂದು ತಿಳಿಯದೆ ಕೈ ಹಾಕಬೇಡಿ, ಷಟರಿನ ಕೆಳಗೂ ನಿಲ್ಲಬೇಡಿ.

ಬಾಗಿಲಿನ ದೋಷವನ್ನು ಎಲ್ಲಿ ಹುಡುಕಬೇಕು? ಎರಡು ಬದಿಯಲ್ಲಿ ಪಟ್ಟಿಗಳು ಜಾರುವ ಗಾಡಿ, ಅಂದರೆ ಚಾನಲ್ ಇದೆಯಲ್ಲ, ಮೊದಲು ಅದನ್ನು ನೋಡಿ. ಹೊಟ್ಟು, ಧೂಳು, ಕಣಜದ ಮಣ್ಣುಗೂಡು ಅಲ್ಲಿ ಸೇರಿಕೊಂಡಿರುತ್ತವೆ. ಕಡ್ಡಿಯಿಂದ ಕೆರೆದು, ಸೀಮೆಎಣ್ಣೆ ಅದ್ದಿದ ಬಟ್ಟೆಯಿಂದ ಒರೆಸಿ ಒಣಗಿಸಿ. ಟ್ರೈಲರ್ ತಗುಲಿ ಚಾನಲ್ ಬಾಗಿದ್ದರೆ ಪ್ರತಿ ಸಲವೂ ಅದೇ ಎತ್ತರದಲ್ಲಿ ಷಟರ್ ತಡೆಯುತ್ತದೆ. ಒಂದು ಬದಿ ಮೇಲಾಗಿ ಇನ್ನೊಂದು ಬದಿ ಕೆಳಗುಳಿದರೆ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಗಾದೆಯ ಹಾಗೆ ಆಗುತ್ತದೆ. ಆಗ ಪಟ್ಟಿಗಳು ಪಕ್ಕಕ್ಕೆ ಸರಿದಿವೆಯೋ, ಗೋಡೆಯ ಬೋಲ್ಟು ಸಡಿಲವಾಗಿದೆಯೋ ನೋಡಿಸಿ.

ಚಾನಲಿಗೆ ಮಂದ ಗ್ರೀಸು ಬಳಿಯಬೇಡಿ. ಗಾಡಿಯ ಅಚ್ಚಿಗೆ ಕೀಲೆಣ್ಣೆ ಬೇಕು, ನಿಜ. ಆದರೆ ಈ ತೆರೆದ ಚಾನಲಿನಲ್ಲಿ ಗ್ರೀಸಿಗೆ ಹೊಟ್ಟು ಮೆತ್ತಿ, ನಾಲ್ಕು ದಿನಕ್ಕೆ ಅರಗಿನಂತೆ ಗಟ್ಟಿಯಾಗುತ್ತದೆ. ಅಂಟದಂಥ ಸಿಲಿಕೋನ್ ಸ್ಪ್ರೇಯನ್ನು ತೆಳುವಾಗಿ ಹೊಡೆದರೆ ಸಾಕು. ಗ್ರೀಸು ಬೇರಿಂಗಿಗೆ, ತೆಳು ಎಣ್ಣೆ ಮೋಟಾರಿನ ಸರಪಳಿಗೆ. ಈ ಸರಪಳಿ ಜೋತು ಬೀಳಲೂಬಾರದು, ತಂತಿಯ ಹಾಗೆ ಬಿಗಿದಿರಲೂಬಾರದು. ಜಗ್ಗಾಟ ಒಂದೇ ಲೆಕ್ಕದಲ್ಲಿ ಸುತ್ತುಸುತ್ತಿಗೂ ಬರುತ್ತಿದ್ದರೆ ಸರಪಳಿ, ಹಲ್ಲಿನ ಚಕ್ರ, ಬೇರಿಂಗು ಇವುಗಳಲ್ಲಿ ಒಂದು ಸವೆದಿದೆ ಎಂದು ತಿಳಿಯಿರಿ.

ಇನ್ನು ಮೋಟಾರಿನ ಸಂಗತಿ. ಸಂಜೆ ಹೊತ್ತು ಮಾತ್ರ ಏದುಸಿರು ಬಿಡುತ್ತದೆಯೇ? ವೋಲ್ಟೇಜ್ ಇಳಿದಿರಬಹುದು. ಒಂಟಿ ಫೇಸಿನ ಮೋಟಾರಿಗೆ ಸುಮಾರು 230 ವೋಲ್ಟ್ ಬೇಕು. ಕಡಿಮೆಯಾದಾಗ ಬಲವಂತ ಮಾಡಿದರೆ ಸುರುಳಿ ಸುಟ್ಟೀತು. ನಾಲ್ಕೈದು ಸಲ ಏರಿಳಿಸಿದ ಮೇಲೆ ನಿಂತು, ಕೊಂಚ ಹೊತ್ತು ಬಿಟ್ಟು ಮತ್ತೆ ನಡೆದರೆ, ಅದು ಕಾವು ಏರಿ ತಾನೇ ನಿಂತದ್ದು. ತಣಿಯಲು ಬಿಡಿ. ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ ಅಂದರೆ ಕೆಪಾಸಿಟರ್ ಹೋಗಿರಬಹುದು. ಅದರ ಮುಚ್ಚಳ ನೀವು ತೆರೆಯಬೇಡಿ. ಸ್ವಿಚ್ ತೆಗೆದ ಮೇಲೂ ಅದರಲ್ಲಿ ಕರೆಂಟು ಉಳಿದು ಹೊಡೆಯಬಹುದು. ಷಟರ್ ನೆಲ ಮುಟ್ಟಿದ ಮೇಲೂ ಮೋಟಾರ್ ನಿಲ್ಲದೆ ಪಟ್ಟಿಗಳು ಉಬ್ಬಿ ಬಂದರೆ ಲಿಮಿಟ್ ಸ್ವಿಚ್ ತಪ್ಪಿದೆ. ಅದನ್ನು ಬಲ್ಲವರಿಂದ ಸರಿಮಾಡಿಸಿ. ಇಲಿ ಕಡಿದ ತಂತಿ ಕಂಡರಂತೂ ಮುಟ್ಟಲೇಬೇಡಿ.

ಕೊನೆಯದಾಗಿ, ಬಹಳ ಮುಖ್ಯವಾದ ಮಾತು. ಕೆಲವು ಷಟರುಗಳ ಮೇಲಿನ ಕೊಳವೆಯೊಳಗೆ ಬಿಗಿಯಾಗಿ ಸುತ್ತಿದ ಸ್ಪ್ರಿಂಗ್ ಇರುತ್ತದೆ. ಷಟರಿನ ಭಾರವನ್ನೆಲ್ಲ ಹೊರುವ ಶಕ್ತಿ ಅದರಲ್ಲಿ ಅಡಗಿದೆ. ಬೋಲ್ಟು ಬಿಚ್ಚಿದರೆ ಚಿಮ್ಮಿ ಕೈ ಮುರಿದೀತು, ಜೀವಕ್ಕೂ ಅಪಾಯ. ಎಷ್ಟೇ ಚುರುಕಾದ ಹುಡುಗನಿದ್ದರೂ ಏಣಿ ಹತ್ತಿಸಬೇಡಿ. ಷಟರ್ ಕೆಲಸ ಬಲ್ಲ ಮಿಸ್ತ್ರಿಗೆ ಕೊಡುವ ಕೂಲಿ ಆಸ್ಪತ್ರೆಯ ಖರ್ಚಿಗಿಂತ ಕಡಿಮೆಯೇ.

ಮಳೆಗಾಲಕ್ಕೆ ಮುಂಚೆ ಒಮ್ಮೆ, ಸುಗ್ಗಿಗೆ ಮುಂಚೆ ಒಮ್ಮೆ ಚಾನಲ್ ಒರೆಸಿ, ಸರಪಳಿಗೆ ಎಣ್ಣೆ ಕಾಣಿಸಿ. ಯೂರಿಯಾ ಚೀಲಗಳನ್ನು ಷಟರಿಗೆ ಒತ್ತಿ ಒಟ್ಟಬೇಡಿ. ಅದು ತೇವ ಎಳೆದುಕೊಂಡು ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ಇಷ್ಟು ಮಾಡಿದರೆ ಮೋಡ ಕವಿದ ದಿನವೂ ನಿಮ್ಮ ಕಾಳು ಸಕಾಲಕ್ಕೆ ಒಳಗೆ ಸೇರುತ್ತದೆ.