ನೀರಿನ ದೋಷವನ್ನರಿತು ಶುದ್ಧೀಕರಣದ ಸಾಧನವನ್ನು ಆರಿಸೋಣ

(ಹಿಂಡಲಗಾದಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳನ್ನು ಉದ್ದೇಶಿಸಿ ನೀಡಿದ ಉಪನ್ಯಾಸದ ಪಠ್ಯ)



ಮಾರ್ಕಂಡೇಯ ನದಿಯ ರಕ್ಕಸಕೊಪ್ಪ ಜಲಾಶಯದ ನೀರು ಬೆಳಗಾವಿ ನಗರವನ್ನು ಸೇರುವುದು ಈ ಹಿಂಡಲಗಾದ ಪಂಪ್‌ಹೌಸ್ ಮೂಲಕ. ನಗರಕ್ಕೆ ಹಿಡಕಲ್ ಜಲಾಶಯದ ನೀರೂ ಬರುತ್ತದೆ. ಖಾನಾಪುರದ ಕಡೆಯ ಹಳ್ಳಿಗಳಲ್ಲಿಯಾದರೋ ಇಂದಿಗೂ ಅನೇಕ ಮನೆಗಳಿಗೆ ತೆರೆದ ಬಾವಿ, ಕೊಳವೆಬಾವಿ, ಗುಡ್ಡದ ಒರತೆಗಳೇ ಆಸರೆ. ಮೂಲಗಳು ಹೀಗೆ ಬೇರೆ ಬೇರೆಯಾಗಿರುವಾಗ ಎಲ್ಲ ಮನೆಗಳಿಗೂ ಒಂದೇ ಯಂತ್ರ ಹೊಂದೀತೆ? ಮಣ್ಣನ್ನು ಪರೀಕ್ಷಿಸದೆ ಗೊಬ್ಬರ ಹಾಕಬಾರದೆಂದು ನಾವು ಕೃಷಿ ವಿಜ್ಞಾನಿಗಳು ರೈತರಿಗೆ ಹೇಳುತ್ತೇವೆ. ನೀರಿಗೂ ಅದೇ ನಿಯಮ ಅನ್ವಯಿಸುತ್ತದೆ.

ನೀರಿನ ದೋಷಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು: ಕಣ್ಣಿಗೆ ಕಾಣುವ ಕೆಸರು, ಕಣ್ಣಿಗೆ ಕಾಣದ ರೋಗಾಣು, ನೀರಿನಲ್ಲಿ ಕರಗಿರುವ ಲವಣ. ಒಂದಕ್ಕೆ ಮದ್ದಾದುದು ಇನ್ನೊಂದಕ್ಕೆ ಮದ್ದಾಗಬೇಕೆಂದಿಲ್ಲ.

ಮಾರಾಟಗಾರರು ಮನೆಗೆ ಬಂದು ಲೇಖನಿಯಂಥ ಟಿಡಿಎಸ್ ಮೀಟರನ್ನು ನೀರಿನಲ್ಲಿ ಅದ್ದಿ ತೋರಿಸುವುದುಂಟು. ಅದು ಅಳೆಯುವುದು ಕರಗಿದ ಲವಣಗಳ ಅಂದಾಜು ಪ್ರಮಾಣವನ್ನು ಮಾತ್ರ. ರೋಗಾಣು ಅದರ ಅರಿವಿಗೆ ಬಾರದು. ಇನ್ನು ಕೆಲವರು ನೀರಿಗೆ ವಿದ್ಯುತ್ ಕಡ್ಡಿಗಳನ್ನು ಇಳಿಸಿ, ಅದು ಕಂದುಬಣ್ಣಕ್ಕೆ ತಿರುಗುವುದನ್ನು ತೋರಿಸಿ ಹೆದರಿಸುತ್ತಾರೆ. ಆ ಬಣ್ಣ ನೀರಿನ ಕೊಳೆಯಲ್ಲ. ಕಬ್ಬಿಣದ ಕಡ್ಡಿಯೇ ಸವೆದು ಬಿಟ್ಟ ತುಕ್ಕು. ಲವಣವಿರುವ ಒಳ್ಳೆಯ ಬಾವಿನೀರಿನಲ್ಲೂ ಹಾಗೆಯೇ ಆಗುತ್ತದೆ. ವಿದ್ಯಾರ್ಥಿಗಳು ಇದನ್ನು ನೆರೆಹೊರೆಯವರಿಗೆ ವಿವರಿಸಬೇಕು.

ಆರ್‌ಓ ಯಂತ್ರದ ಮುಖ್ಯ ಕೆಲಸ ಲವಣವನ್ನು ತೆಗೆಯುವುದು. ಕೋಲಾರ, ಗದಗ, ಕೊಪ್ಪಳ ಜಿಲ್ಲೆಗಳ ಕೆಲವೆಡೆ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಮಿತಿಮೀರಿದೆ. ಬೇರೆ ಮೂಲವಿಲ್ಲದಿದ್ದರೆ ಅಲ್ಲಿ ಅದು ಸಮರ್ಥನೀಯ. ಧಾರಾಕಾರ ಮಳೆಯಿಂದ ತೊಳೆದುಹೋಗುವ ನಮ್ಮ ಜಂಬಿಟ್ಟಿಗೆ ಮಣ್ಣಿನ ಸೀಮೆಯಲ್ಲಿ ಲವಣ ಸಾಮಾನ್ಯವಾಗಿ ಕಡಿಮೆ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಲೀಟರಿಗೆ 500 ಮಿ.ಗ್ರಾಂ.ವರೆಗಿನ ಒಟ್ಟು ಲವಣಾಂಶ ಸ್ವೀಕಾರಾರ್ಹ. ಅದಕ್ಕಿಂತ ಕಡಿಮೆ ಇರುವಲ್ಲಿ ಆರ್‌ಓ ಬಳಕೆಯನ್ನು ನಿಷೇಧಿಸಬೇಕೆಂದು 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಸರ್ಕಾರಕ್ಕೆ ಸೂಚಿಸಿತ್ತು. ಮನೆಯ ಆರ್‌ಓ ಯಂತ್ರವು ಒಂದು ಲೀಟರ್ ಶುದ್ಧ ನೀರಿಗೆ ಸಾಮಾನ್ಯವಾಗಿ ಎರಡು ಮೂರು ಲೀಟರ್ ನೀರನ್ನು ಹೊರಚೆಲ್ಲುತ್ತದೆ. ಏಪ್ರಿಲ್‌–ಮೇ ತಿಂಗಳಲ್ಲಿ ಕೊಡ ಹೊತ್ತು ನೀರು ತರುವ ತಾಯಂದಿರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ನಿಜವಾದ ಶತ್ರು ಮಳೆಗಾಲದ ರೋಗಾಣು. ಮೊದಲ ಮಳೆಗೆ ಕೊಟ್ಟಿಗೆಯ, ಶೌಚಗುಂಡಿಯ ಹೊಲಸು ಬಾವಿಗೆ ಇಳಿಯುತ್ತದೆ. ವಾಂತಿಭೇದಿ, ಕಾಮಾಲೆ, ವಿಷಮಶೀತ ಜ್ವರಗಳು ಬೆನ್ನಿಗೇ ಬರುತ್ತವೆ. ಅವುಗಳಿಂದ ಹೆಚ್ಚು ಬಳಲುವವರು ಎಳೆಯ ಮಕ್ಕಳು. ನೂರು ಮಿಲಿಲೀಟರ್ ನೀರಿನಲ್ಲಿ ಒಂದೇ ಒಂದು ಇ-ಕೋಲಿ ಇರಕೂಡದೆಂದು ಮಾನಕ ಹೇಳುವುದು ಈ ಕಾರಣಕ್ಕಾಗಿಯೇ.

ಹಾಗಾದರೆ ಏನನ್ನು ಆರಿಸಬೇಕು? ಕೆಸರಿದ್ದರೆ ಮೊದಲು ತಿಳಿಯಾಗಿಸಿ, ದಪ್ಪ ಬಟ್ಟೆಯಲ್ಲಿ ಸೋಸಬೇಕು. ನಮ್ಮ ಹಿರಿಯರು ಇದಕ್ಕೆ ಚಿಲ್ಲದ ಬೀಜವನ್ನು ತೇಯ್ದು ಹಾಕುತ್ತಿದ್ದರು. ಆದರೆ ತಿಳಿಯಾದ ನೀರೆಲ್ಲ ನಿರ್ಮಲವಲ್ಲ. ಸೋಸಿದ ನಂತರ ಕುದಿಸಬೇಕು. ಮರಳುವ ಕುದಿ ಒಂದು ನಿಮಿಷವಿದ್ದರೆ ರೋಗಾಣು ಸಾಯುತ್ತದೆ. ಸೌದೆಯ ಕೊರತೆಯಿದ್ದವರಿಗೆ ಕ್ಲೋರಿನ್ ಅಗ್ಗದ ದಾರಿ: ಸಾವಿರ ಲೀಟರ್ ತಿಳಿನೀರಿಗೆ ಸುಮಾರು ಎರಡೂವರೆ ಗ್ರಾಂ ತಾಜಾ ಬ್ಲೀಚಿಂಗ್ ಪೌಡರ್ ಹಾಕಿ, ಕನಿಷ್ಠ ಅರ್ಧ ಗಂಟೆ ಬಿಡಬೇಕು. ಕ್ಯಾಂಡಲ್ ಫಿಲ್ಟರು ಕೆಸರನ್ನು ಚೆನ್ನಾಗಿ ತಡೆಯುತ್ತದೆ. ಸೂಕ್ಷ್ಮ ವೈರಾಣುಗಳ ವಿಷಯದಲ್ಲಿ ಅದೊಂದನ್ನೇ ನಂಬಲಾಗದು. ಯುವಿ ದೀಪದ ಯಂತ್ರ ರೋಗಾಣುವಿಗೆ ಉತ್ತಮ ಮದ್ದು. ಆದರೆ ಅದಕ್ಕೆ ತಿಳಿನೀರೂ ವಿದ್ಯುತ್ತೂ ಬೇಕು. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟಿಲ್ಲದ ಊರಿನಲ್ಲಿ ಒಲೆಯನ್ನು ಮರೆಯಬಾರದು. ಕಬ್ಬಿಣದಂಶದಿಂದ ನೀರು ಕೆಂಪಾಗುತ್ತಿದ್ದರೆ ಅಗಲ ಬಾಯಿಯ ಪಾತ್ರೆಗೆ ಎತ್ತರದಿಂದ ಸುರಿದು, ಗಾಳಿಯಾಡಿಸಿ, ರಾತ್ರಿಯಿಡೀ ಬಿಟ್ಟು, ಮರಳಿನ ಸೋಸುಕದಲ್ಲಿ ಹಾಯಿಸಿದರೆ ಬಹುಪಾಲು ತೊಲಗುತ್ತದೆ.

ಒಂದು ಎಚ್ಚರಿಕೆ. ಫ್ಲೋರೈಡ್, ನೈಟ್ರೇಟ್‌ಗಳು ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದುದರಲ್ಲಿ ಅವು ಸಾಂದ್ರವಾಗುತ್ತವೆ. ಆದುದರಿಂದ ಯಾವ ಸಾಧನಕ್ಕೂ ಹಣ ತೆರುವ ಮುನ್ನ ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ. ಬಾವಿಯ ನೀರನ್ನು ಬೇಸಿಗೆಯಲ್ಲೊಮ್ಮೆ, ಮೊದಲ ಮಳೆಯ ನಂತರ ಮತ್ತೊಮ್ಮೆ ಪರೀಕ್ಷಿಸುವುದು ಅಗತ್ಯ.

ಎಲ್ಲಕ್ಕಿಂತ ದೊಡ್ಡ ಶುದ್ಧೀಕರಣ ಘಟಕ ಬಾವಿಯ ದಂಡೆಯಲ್ಲೇ ಇದೆ. ಕಟ್ಟೆಯನ್ನು ಎತ್ತರಿಸಿ, ಸುತ್ತ ಇಳಿಜಾರಾಗಿ ಗಾರೆ ಮಾಡಿ, ತಿಪ್ಪೆ ಹಾಗೂ ಶೌಚಗುಂಡಿಗಳನ್ನು ಕನಿಷ್ಠ 15 ಮೀಟರ್ ದೂರವಿಡಿ. ಇಳಿಜಾರಿನಲ್ಲಾದರೆ ಅವು ಬಾವಿಗಿಂತ ಕೆಳಗೇ ಇರಲಿ. ಒರತೆಯ ಮೇಲಿನ ಕಾಡನ್ನು ಕಾಪಾಡಿ. ಕಣಕುಂಬಿಯಲ್ಲಿ ಮಲಪ್ರಭೆಯನ್ನು ಹಡೆದ ಈ ಗುಡ್ಡಗಳು ಸೋಸಿಕೊಡುವ ನೀರನ್ನು ನಾವೇ ಕೆಡಿಸಿ, ಅನಂತರ ಯಂತ್ರಕ್ಕಾಗಿ ಸಾಲ ಮಾಡುವುದು ವಿವೇಕವಲ್ಲ.

ವಿದ್ಯಾರ್ಥಿ ಮಿತ್ರರು ಈ ಜೂನ್ ತಿಂಗಳಲ್ಲಿ ಒಂದು ಕೆಲಸ ಮಾಡಬೇಕೆಂದು ಕೋರುತ್ತೇನೆ. ಎಚ್‌ಟುಎಸ್ ಪರೀಕ್ಷಾ ಸೀಸೆಗಳಲ್ಲಿ ನಿಮ್ಮೂರಿನ ಪ್ರತಿಯೊಂದು ಬಾವಿಯ ನೀರನ್ನು ತುಂಬಿಡಿ. ಒಂದೆರಡು ದಿನಗಳಲ್ಲಿ ಸೀಸೆ ಕಪ್ಪಾದರೆ ಮಲಮೂತ್ರದ ಹೊಲಸು ಸೇರಿರುವ ಸಂಭವವಿದೆಯೆಂದು ತಿಳಿದು, ಆ ಮನೆಯವರಿಗೆ ಅಂದೇ ತಿಳಿಸಿ, ನೀರನ್ನು ಕುದಿಸಲು ಹೇಳಿ. ಯಾವ ಸಾಧನ ಬೇಕೆಂಬ ಮಾತು ಆ ಬಳಿಕ ಆರಂಭವಾಗಲಿ.