ಸಾರಜನಕದ ತೂಕ ತಪ್ಪಿದಾಗ



ಅಮೃತಹಳ್ಳಿಯ ನೆರೆಯ ಜಕ್ಕೂರು ಕೆರೆಗೆ ಇಂದು ವರ್ಷವಿಡೀ ಹರಿದು ಬರುವುದು ಮನೆಗಳ ಮಲಿನ ಜಲವೇ. ಶುದ್ಧೀಕರಣ ಘಟಕವನ್ನು ಹಾದು ಬಂದದ್ದು. ಅದರಲ್ಲಿ ಉಳಿದ ಸಾರಜನಕವನ್ನು ಜೊಂಡು ಹೀರಿಕೊಳ್ಳಲೆಂದು ಅಲ್ಲಿ ಜೌಗು ಪ್ರದೇಶವನ್ನು ನಿರ್ಮಿಸಲಾಗಿದೆ. ಶ್ಲಾಘನೀಯ ಕಾರ್ಯ. ಆದರೂ ಮಿಕ್ಕಿದ್ದು ರಾಚೇನಹಳ್ಳಿ ಕೆರೆಯನ್ನು ಸೇರಿ ಕೊನೆಗೆ ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ನದಿ ಬಯಲಿನ ರೈತನು ಈ ಸಾರಭರಿತ ನೀರನ್ನು ಹಾಯಿಸಿ ಯೂರಿಯಾವನ್ನೂ ಸುರಿದರೆ, ಬೆಳೆ ಉಂಡು ಉಳಿದದ್ದು ನೈಟ್ರೇಟ್ ಆಗಿ ಅಂತರ್ಜಲಕ್ಕಿಳಿಯುತ್ತದೆ. ಯೂರಿಯಾಕ್ಕೆ ಧಾರಾಳ ಸಹಾಯಧನ ನೀಡುತ್ತಾ ಬಂದ ಸರಕಾರಗಳು ಈ ಮಿಗತೆಯ ಹೊಣೆಯನ್ನು ಹೊತ್ತಿಲ್ಲ.

ನಗರದಲ್ಲೂ ಶೌಚಗುಂಡಿಯ ಪಕ್ಕದ ಕೊಳವೆಬಾವಿಗೆ ಇದೇ ಅಪಾಯ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. ಮೀರಿದ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕುಡಿಸಿದರೆ, ಆರು ತಿಂಗಳೊಳಗಿನ ಕೂಸಿನ ರಕ್ತವು ಆಮ್ಲಜನಕವನ್ನು ಒಯ್ಯುವ ಶಕ್ತಿ ಕಳೆದುಕೊಂಡು ಮೈ ನೀಲಿಗಟ್ಟಬಹುದು. ಕುದಿಸಿದರೆ ನೈಟ್ರೇಟ್ ಹೋಗದು. ನೀರು ಬತ್ತಿದಷ್ಟೂ ಅದರ ಪ್ರಮಾಣ ಏರುತ್ತದೆ. ತಾಯಂದಿರು ಇದನ್ನು ವಿಶೇಷವಾಗಿ ಗಮನಿಸಬೇಕು.

ನಿಂತ ನೀರಿನಲ್ಲಿ ಮೂತ್ರ ವಿಸರ್ಜಿಸುವುದನ್ನು ಪ್ರವಾದಿವರ್ಯರು(ಸ) ನಿಷೇಧಿಸಿದ್ದಾರೆ. ಆ ಆಜ್ಞೆಯು ಕೆರೆಗೂ ರಾಜಕಾಲುವೆಗೂ ಅನ್ವಯಿಸುತ್ತದೆಂದೇ ನಾವು ಭಾವಿಸುತ್ತೇವೆ. ಪ್ರತಿಯೊಂದು ಜಮಾಅತ್ ತನ್ನ ಮಸೀದಿಯ ಕೊಳವೆಬಾವಿಯ ನೀರನ್ನು ಮಳೆಗಾಲದ ಮುನ್ನ ಮತ್ತು ನಂತರ ಪರೀಕ್ಷೆ ಮಾಡಿಸಿ, ಫಲಿತಾಂಶವನ್ನು ಸೂಚನಾ ಫಲಕದಲ್ಲಿ ಪ್ರಕಟಿಸಲಿ.